ಯಂತ್ರಕ್ಕೂ ಒಂದು ಕಿರ್ದಿ ಬೇಕು

ಯಾದಗಿರಿ, ಶಹಾಪುರ, ಸುರಪುರಗಳ ವರ್ತಕರಿಗೆ ಖಾತೆ-ಕಿರ್ದಿಯ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ರೋಕಡ ತಾಳೆಯಾಗದಿದ್ದರೆ ಅಡತಿ ಅಂಗಡಿಯ ಗುಮಾಸ್ತನು ಮನೆಗೆ ಹೋಗುವಂತಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ-ಕುಂಕುಮ ಹಚ್ಚದೆ ಹೊಸ ವರ್ಷದ ವ್ಯವಹಾರ ಆರಂಭವಾಗುವುದಿಲ್ಲ. ಆದರೆ ಅದೇ ಮಾಲೀಕರ ಜಿನ್ನಿಂಗ್ ಗಿರಣಿಗೋ ದಾಲ್ ಮಿಲ್ಲಿಗೋ ಹೋಗಿ, ಈ ಮೋಟಾರು ಕಳೆದ ಹಂಗಾಮಿನಲ್ಲಿ ಎಷ್ಟು ಗಂಟೆ ಓಡಿತು, ಎಷ್ಟು ಸಲ ನಿಂತು ಮತ್ತೆ ಚಾಲೂ ಆಯಿತು, ಇದರ ಬೇರಿಂಗನ್ನು ಬದಲಿಸಿದ್ದು ಯಾವಾಗ ಎಂದು ವಿಚಾರಿಸಿದರೆ ನಿಖರವಾದ ಉತ್ತರ ದೊರೆಯುವುದು ವಿರಳ. ಲಕ್ಷಾಂತರ ರೂಪಾಯಿ ಬೆಲೆಬಾಳುವ ಯಂತ್ರಕ್ಕೆ ಆಯುಧಪೂಜೆಯ ದಿನ ಮಾಲೆ ಬೀಳುತ್ತದೆ, ಉಳಿದ ದಿನಗಳ ಅದರ ಲೆಕ್ಕವು ಫಿಟ್ಟರನ ತಲೆಯಲ್ಲಿರುತ್ತದೆ.

ಯಂತ್ರದ ಲೆಕ್ಕವನ್ನು ಅತ್ಯಂತ ಕಟ್ಟುನಿಟ್ಟಾಗಿ ಇಡುವ ಸ್ಥಳಗಳಲ್ಲಿ ಅನಿಲ ಟರ್ಬೈನ್‌ಗಳಿಂದ ವಿದ್ಯುತ್ ಉತ್ಪಾದಿಸುವ ಸ್ಥಾವರಗಳು ಮುಖ್ಯವಾದವು. ಯಾದಗಿರಿ ಜಿಲ್ಲೆಯಲ್ಲಿ ಅಂತಹ ಸ್ಥಾವರವಿಲ್ಲ. ನೆರೆಯ ರಾಯಚೂರಿನ ಶಕ್ತಿನಗರ ಮತ್ತು ಯರಮರಸ್‌ಗಳಲ್ಲಿರುವುದು ಕಲ್ಲಿದ್ದಲಿನಿಂದ ನಡೆಯುವ ಉಗಿ ಟರ್ಬೈನ್‌ಗಳು. ಶಹಾಪುರ ಶಾಖಾ ಕಾಲುವೆಯ ಕಿರು ಘಟಕಗಳಲ್ಲಿ ತಿರುಗುವುದು ನೀರಿನ ಟರ್ಬೈನ್‌ಗಳು. ಕರ್ನಾಟಕದಲ್ಲಿಯೇ ಅನಿಲ ಟರ್ಬೈನಿನ ಇತಿಹಾಸ ಚಿಕ್ಕದು. ಮಂಗಳೂರಿನ ತಣ್ಣೀರುಬಾವಿಯಲ್ಲಿ 2001ರಲ್ಲಿ ದೋಣಿಯ ಮೇಲೆ ಸ್ಥಾಪಿತವಾದ 220 ಮೆಗಾವ್ಯಾಟ್ ಸಾಮರ್ಥ್ಯದ ನಾಫ್ತಾ ಸ್ಥಾವರವು ಕೆಲವು ವರ್ಷಗಳ ನಂತರ ಆಂಧ್ರದ ಕಾಕಿನಾಡಕ್ಕೆ ಸ್ಥಳಾಂತರಗೊಂಡಿತು. ಆಮೇಲೆ ಬಂದುದು ಯಲಹಂಕದಲ್ಲಿರುವ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವ್ಯಾಟ್ ಸಾಮರ್ಥ್ಯದ ಸಂಯುಕ್ತ ಆವರ್ತ ಸ್ಥಾವರ. ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯು ನಿರ್ಮಿಸಿದ ಈ ಸ್ಥಾವರದಲ್ಲಿ ಅನಿಲ ಟರ್ಬೈನಿನಿಂದ ಹೊರಬರುವ ಬಿಸಿ ಹೊಗೆಯಲ್ಲಿಯೇ ನೀರನ್ನು ಕಾಯಿಸಿ ಉಗಿ ಟರ್ಬೈನ್ ಒಂದನ್ನು ತಿರುಗಿಸಲಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಪರೀಕ್ಷಾ ಚಾಲನೆಯ ಕಾಲಕ್ಕೆ ಬೆಂಕಿ ಅವಘಡವನ್ನು ಕಂಡ ಈ ಸ್ಥಾವರವು 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು.

ಹತ್ತಿ, ತೊಗರಿ, ಭತ್ತಗಳ ಊರಿನವರಿಗೆ ಯಲಹಂಕದ ಟರ್ಬೈನಿನಿಂದ ಆಗಬೇಕಾದುದೇನು ಎಂಬ ಪ್ರಶ್ನೆ ಸಹಜ. ಟರ್ಬೈನನ್ನು ಯಾರೂ ಕೊಳ್ಳಬೇಕಾಗಿಲ್ಲ. ಅದರ ಲೆಕ್ಕ ಇಡುವ ಕ್ರಮ ಮಾತ್ರ ಇಲ್ಲಿಗೂ ಒಪ್ಪುತ್ತದೆ, ಆ ಕ್ರಮಕ್ಕೆ ಖರ್ಚೂ ಕಡಿಮೆ.

ಅನಿಲ ಟರ್ಬೈನ್ ಎಂದರೆ ಸ್ಥೂಲವಾಗಿ ವಿಮಾನದ ಎಂಜಿನ್ನಿನ ದೊಡ್ಡಪ್ಪ. ಹೊರಗಿನ ಗಾಳಿಯನ್ನು ಹೀರಿ, ಒತ್ತಿ, ಅದರಲ್ಲಿ ಅನಿಲವನ್ನು ಉರಿಸಿ, ಆ ಜ್ವಾಲೆಯ ರಭಸದಿಂದ ಅಲಗುಗಳನ್ನು ತಿರುಗಿಸುವ ಯಂತ್ರ. ಯಲಹಂಕದಂತಹ ದೊಡ್ಡ ಯಂತ್ರಗಳು ನಿಮಿಷಕ್ಕೆ 3,000 ಸುತ್ತು ತಿರುಗುತ್ತವೆ. ಮೊದಲ ಸಾಲಿನ ಅಲಗುಗಳಿಗೆ ತಾಗುವ ಅನಿಲದ ಉಷ್ಣತೆ 1,300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಇದು ಅಲಗಿನ ಲೋಹವೇ ಕರಗಲು ತೊಡಗುವ ಮಟ್ಟಕ್ಕೆ ಹತ್ತಿರದ ಉಷ್ಣತೆ. ಅಲಗುಗಳೊಳಗೆ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಯನ್ನು ಹಾಯಿಸಿ ಅವುಗಳನ್ನು ತಂಪಾಗಿಡಲಾಗುತ್ತದೆ. ಇಂತಹ ಅಲಗು ಸವೆದು ಮುರಿದರೆ ಅದೊಂದೇ ಹಾಳಾಗುವುದಿಲ್ಲ, ಹಿಂದಿನ ಸಾಲುಗಳನ್ನೂ ಕತ್ತರಿಸಿಕೊಂಡು ಹೋಗುತ್ತದೆ. ನಷ್ಟವು ಕೋಟಿಗಳಲ್ಲಿರುತ್ತದೆ, ಸ್ಥಾವರವು ತಿಂಗಳುಗಟ್ಟಲೆ ನಿಲ್ಲುತ್ತದೆ. ಹಾಗೆಂದು ಪ್ರತಿ ತಿಂಗಳೂ ಯಂತ್ರವನ್ನು ಬಿಚ್ಚಿ ನೋಡುವಂತೆಯೂ ಇಲ್ಲ, ಬಿಚ್ಚುವುದೇ ದೊಡ್ಡ ಖರ್ಚು. ಹಾಗಾದರೆ ಯಾವಾಗ ಬಿಚ್ಚಬೇಕು? ಸ್ಥಾವರದ ನಿರ್ವಹಣಾ ತಂತ್ರಾಂಶವು ಉತ್ತರಿಸಬೇಕಾದ ಮುಖ್ಯ ಪ್ರಶ್ನೆ ಇದು.

ಉತ್ತರವನ್ನು ಅದು ಪಂಚಾಂಗದಲ್ಲಿ ಹುಡುಕುವುದಿಲ್ಲ. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಎಂಬ ಲೆಕ್ಕ ಅಲ್ಲಿ ನಡೆಯದು. ಉರಿದ ಗಂಟೆಗಳೆಷ್ಟು, ಆರಂಭಗಳೆಷ್ಟು ಎಂಬ ಎರಡು ಕಲಮುಗಳನ್ನು ಅದು ಎಣಿಸುತ್ತದೆ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ತನ್ನ ದೊಡ್ಡ ಟರ್ಬೈನ್‌ಗಳಿಗೆ ಪ್ರಕಟಿಸಿರುವ ಮಾರ್ಗದರ್ಶಿಯಂತೆ, ದಹನ ಭಾಗಗಳ ತಪಾಸಣೆ ಸಾಮಾನ್ಯವಾಗಿ 8,000 ಗಂಟೆಗಳ ಹೊತ್ತಿಗೆ, ಬಿಸಿ ಅನಿಲ ಹಾಯುವ ಭಾಗಗಳ ತಪಾಸಣೆ 24,000 ಗಂಟೆಗಳಿಗೆ ಅಥವಾ ಮಾದರಿಗೆ ತಕ್ಕಂತೆ 900ರಿಂದ 1,200 ಆರಂಭಗಳಿಗೆ, ಇವುಗಳಲ್ಲಿ ಯಾವುದು ಮೊದಲೋ ಅದಕ್ಕೆ ನಿಗದಿಯಾಗುತ್ತದೆ. ಇಡೀ ಯಂತ್ರವನ್ನು ಬಿಚ್ಚುವ ಮಹಾ ತಪಾಸಣೆ 48,000 ಗಂಟೆಗಳ ಸುಮಾರಿಗೆ. ಬೇರೆ ಕೆಲವು ತಯಾರಕರು ಎರಡೂ ಕಲಮುಗಳನ್ನು ಕೂಡಿಸಿ, ಒಂದು ಆರಂಭವನ್ನು ಹತ್ತು ಗಂಟೆಗಳ ಓಟಕ್ಕೆ ಸಮವೆಂದು ಹಿಡಿದು, ‘ಸಮಾನ ಗಂಟೆ’ ಎಂಬ ಒಂದೇ ಮೊತ್ತವನ್ನು ತೆಗೆಯುತ್ತಾರೆ.

ಗಂಟೆಗಳೆಲ್ಲ ಒಂದೇ ಬೆಲೆಯವಲ್ಲ ಎಂಬುದು ಈ ಲೆಕ್ಕದ ನಿಜವಾದ ಜಾಣತನ. ಮಿತಿ ಮೀರಿದ ಗರಿಷ್ಠ ಹೊರೆಯಲ್ಲಿ ಓಡಿದ ಒಂದು ಗಂಟೆಯನ್ನು ಹಲವು ಮಾದರಿಗಳಲ್ಲಿ ಆರು ಗಂಟೆಗಳೆಂದು ಬರೆದುಕೊಳ್ಳಲಾಗುತ್ತದೆ. ನೈಸರ್ಗಿಕ ಅನಿಲದ ಬದಲು ಭಾರವಾದ ಎಣ್ಣೆಯನ್ನು ಉರಿಸಿದರೆ ಗಂಟೆಗೆ ಮೂರು-ನಾಲ್ಕು ಗಂಟೆಗಳ ಸವೆತ. ಪೂರ್ಣ ಹೊರೆಯಲ್ಲಿ ಓಡುತ್ತಿದ್ದ ಯಂತ್ರವು ಏಕಾಏಕಿ ಟ್ರಿಪ್ ಆಗಿ ನಿಂತರೆ, ಆ ಒಂದು ನಿಲುಗಡೆಯು ಎಂಟು ಸಾಮಾನ್ಯ ಆರಂಭಗಳಷ್ಟು ಆಯುಷ್ಯವನ್ನು ತಿನ್ನುತ್ತದೆ. ಹತ್ತು ಸಲ ಹೀಗಾದರೆ ಎಂಬತ್ತು ಆರಂಭಗಳು ಖರ್ಚಿಗೆ ಬಿದ್ದಂತೆ. ಬಿಸಿಯಾದ ಲೋಹ ತಟ್ಟನೆ ತಣಿದಾಗ ಅದರಲ್ಲಿ ಸೂಕ್ಷ್ಮ ಬಿರುಕುಗಳು ಹುಟ್ಟುವುದು ಇದಕ್ಕೆ ಕಾರಣ. ಕಾದ ಕಾವಲಿಯ ಮೇಲೆ ತಣ್ಣೀರು ಎರಚಬಾರದೆಂದು ಅಡುಗೆಮನೆಯಲ್ಲಿ ಹೇಳುವುದೂ ಇದನ್ನೇ.

ಜಿಲ್ಲೆಯ ಗಿರಣಿ ಮಾಲೀಕರು ಈ ಲೆಕ್ಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹತ್ತಿಯ ಹಂಗಾಮು ದೀಪಾವಳಿಯ ಆಸುಪಾಸಿನಿಂದ ಫೆಬ್ರುವರಿ-ಮಾರ್ಚ್‌ವರೆಗೆ. ತೊಗರಿಯ ಆವಕ ಡಿಸೆಂಬರ್-ಜನವರಿಯಿಂದ. ನಾರಾಯಣಪುರ ಎಡದಂಡೆ ಕಾಲುವೆಯ ಭತ್ತವು ಕಾಲುವೆಗೆ ನೀರು ಬಂದಂತೆ. ಗಿರಣಿಯ ಯಂತ್ರಗಳು ವರ್ಷದ ಕೆಲವೇ ತಿಂಗಳು, ಆದರೆ ಆ ತಿಂಗಳುಗಳಲ್ಲಿ ಹಗಲು ರಾತ್ರಿ ಓಡುತ್ತವೆ. ದಿನಕ್ಕೆ 20 ಗಂಟೆಗಳಂತೆ 120 ದಿನ ಓಡಿದ ಜಿನ್ನಿಂಗ್ ಯಂತ್ರದ ಲೆಕ್ಕ 2,400 ಗಂಟೆ. ಪಕ್ಕದ ಗಿರಣಿಯಲ್ಲಿ ಮಾಲು ಕಡಿಮೆ ಬಂದು ಅಂಥದೇ ಯಂತ್ರ 900 ಗಂಟೆ ಮಾತ್ರ ಓಡಿದ್ದರೂ, ಇಬ್ಬರೂ ‘ವರ್ಷಕ್ಕೊಮ್ಮೆ ಸರ್ವೀಸ್’ ಎಂಬ ಒಂದೇ ನಿಯಮಕ್ಕೆ ಜೋತುಬಿದ್ದಿರುತ್ತಾರೆ. ಮೊದಲನೆಯವರ ಬೇರಿಂಗು ಜನವರಿಯ ನಡುವೆ, ಅಂಗಳದಲ್ಲಿ ಹತ್ತಿಯ ಗಾಡಿಗಳು ಸಾಲುಗಟ್ಟಿ ನಿಂತಿರುವಾಗ ಕೈಕೊಡುತ್ತದೆ. ಎರಡನೆಯವರು ಇನ್ನೂ ಬಾಳುತ್ತಿದ್ದ ಬಿಡಿಭಾಗವನ್ನು ಬಿಚ್ಚಿ ಎಸೆದಿರುತ್ತಾರೆ. ನಷ್ಟ ಇಬ್ಬರಿಗೂ ಆಯಿತು, ಇಬ್ಬರ ಖಾತೆ ಪುಸ್ತಕದಲ್ಲಿಯೂ ಅದಕ್ಕೊಂದು ಶೀರ್ಷಿಕೆ ಇಲ್ಲ.

ಜನರೇಟರಿನ ವಿಷಯದಲ್ಲಿ ಈ ತಿಳಿವಳಿಕೆ ಸ್ವಲ್ಪಮಟ್ಟಿಗೆ ಬಂದಿದೆ, ಏಕೆಂದರೆ ಅದರ ಮೇಲೆ ತಯಾರಕರೇ ಗಂಟೆ ಮಾಪಕವನ್ನು ಕೂಡಿಸಿ ಕಳಿಸುತ್ತಾರೆ. ಎಷ್ಟು ಗಂಟೆಗಳಿಗೆ ಎಣ್ಣೆ ಬದಲಿಸಬೇಕು ಎಂಬುದು ಕೈಪಿಡಿಯಲ್ಲಿ ಮುದ್ರಿತವಾಗಿರುತ್ತದೆ. ಮೋಟಾರಿಗೂ ಎಲಿವೇಟರಿಗೂ ಅಂತಹ ಮಾಪಕವನ್ನು ಜೋಡಿಸುವ ಖರ್ಚು ಆ ಯಂತ್ರದ ಬೆಲೆಯ ಮುಂದೆ ಅಲ್ಪ. ಅಕ್ಕಿ ಗಿರಣಿಯ ರಬ್ಬರ್ ರೋಲು ಎಷ್ಟು ಕ್ವಿಂಟಲ್ ಭತ್ತಕ್ಕೆ ಸವೆಯುತ್ತದೆ ಎಂಬುದನ್ನು ಬಾಯಿಲೆಕ್ಕದಲ್ಲಿ ಹೇಳುವ ಮಾಲೀಕರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅದೇ ಬುದ್ಧಿಯನ್ನು ಬೇರಿಂಗಿಗೂ ಪಟ್ಟಾಗೂ ವಿಸ್ತರಿಸಿದರೆ ಸಾಕು.

ಇನ್ನು ಆರಂಭಗಳ ಮಾತು. ನೇರ ಸ್ಟಾರ್ಟರಿನ ಮೋಟಾರು ಚಾಲೂ ಆಗುವಾಗ ತನ್ನ ಸಾಮಾನ್ಯ ವಿದ್ಯುತ್ ಪ್ರವಾಹದ ಐದರಿಂದ ಏಳು ಪಟ್ಟನ್ನು ಎಳೆಯುತ್ತದೆ. ಸುರುಳಿ ಬಿಸಿಯಾಗುತ್ತದೆ, ಪಟ್ಟಾ ಜಗ್ಗುತ್ತದೆ. ಫೀಡರ್ ಟ್ರಿಪ್ ಆಗಿ ಹೊರೆಯ ನಡುವೆಯೇ ನಿಂತ ಜಿನ್ನಿಂಗ್ ಯಂತ್ರದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸದೆ ಮತ್ತೆ ಗುಂಡಿ ಒತ್ತಿದರೆ ಮೋಟಾರಿಗೆ ಪೆಟ್ಟು, ರೋಲರಿಗೂ ಪೆಟ್ಟು. ಟರ್ಬೈನಿನ ಪೂರ್ಣ ಹೊರೆಯ ಟ್ರಿಪ್ಪಿಗೆ ಎಂಟು ಆರಂಭಗಳ ದಂಡವಿದ್ದರೆ, ಸುರಪುರದ ಗಿರಣಿಯ ಟ್ರಿಪ್ಪಿಗೆ ಎಷ್ಟು ದಂಡ ಎಂಬುದನ್ನು ಯಾವ ತಯಾರಕರೂ ಹೇಳಿಲ್ಲ. ಆದರೆ ದಂಡವಿದೆ ಎಂಬುದು ಮೋಟಾರು ರಿವೈಂಡಿಂಗ್ ಅಂಗಡಿಯ ಬಿಲ್ಲುಗಳಿಂದ ಗೊತ್ತಾಗುತ್ತದೆ.

ಟ್ರಿಪ್ಪಿನ ಲೆಕ್ಕಕ್ಕೆ ಗಿರಣಿಯ ಗೋಡೆಯಾಚೆಗೂ ಒಂದು ಬೆಲೆಯಿದೆ. ಕಲಬುರಗಿಯನ್ನು ಕೇಂದ್ರವಾಗುಳ್ಳ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂ ಅಸ್ತಿತ್ವಕ್ಕೆ ಬಂದುದು 2002ರಲ್ಲಿ. ಸರಬರಾಜು ಕಂಪನಿಗಳ ಸೇವಾ ಗುಣಮಟ್ಟಕ್ಕೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2004ರಲ್ಲಿಯೇ ನಿಯಮಾವಳಿಯನ್ನು ರೂಪಿಸಿತು. ದರ ಪರಿಷ್ಕರಣೆಯ ಅರ್ಜಿ ಬಂದಾಗ ಆಯೋಗವು ಆಕ್ಷೇಪಣೆಗಳನ್ನು ಆಹ್ವಾನಿಸಿ ಸಾರ್ವಜನಿಕ ವಿಚಾರಣೆಯನ್ನೂ ನಡೆಸುತ್ತದೆ. ಅಲ್ಲಿ ಗ್ರಾಹಕರು ‘ವಿದ್ಯುತ್ ಪದೇ ಪದೇ ಹೋಗುತ್ತದೆ’ ಎಂದು ದೂರುತ್ತಾರೆ, ಕಂಪನಿಯು ಸೂಚ್ಯಂಕಗಳ ಪಟ್ಟಿಯನ್ನು ಮುಂದಿಡುತ್ತದೆ. ಅಂಕಿಯ ಮುಂದೆ ಅಳಲು ನಿಲ್ಲುವುದಿಲ್ಲ. ಅಷ್ಟೇ ಅಲ್ಲದೆ, ಕೆಲವೇ ನಿಮಿಷಗಳೊಳಗೆ ಮರಳಿ ಬರುವ ಅಲ್ಪಾವಧಿಯ ಕಡಿತಗಳು ಸಾಮಾನ್ಯವಾಗಿ ಇಂತಹ ಸೂಚ್ಯಂಕಗಳ ಎಣಿಕೆಗೆ ಸೇರುವುದೇ ಇಲ್ಲ. ಗಿರಣಿಯ ಮೋಟಾರಿಗಾದರೋ ಎರಡು ನಿಮಿಷದ ಕಡಿತವೂ ಎರಡು ತಾಸಿನ ಕಡಿತವೂ ಒಂದೇ: ನಿಂತಿತು, ಮತ್ತೆ ಎಳೆಯಬೇಕು. ಈ ಸಣ್ಣ ಕಡಿತಗಳನ್ನು ಗಿರಣಿಯವರು ತಾವೇ ಬರೆದಿಡದಿದ್ದರೆ ಆಯೋಗದ ಮುಂದೆ ಅವಕ್ಕೆ ಅಸ್ತಿತ್ವವೇ ಇರದು. ಶಹಾಪುರದ ಮೂವತ್ತು ಗಿರಣಿಗಳು ಒಂದು ಹಂಗಾಮಿನುದ್ದಕ್ಕೂ ಫೀಡರಿನ ಹೆಸರು, ದಿನಾಂಕ, ವೇಳೆಗಳೊಂದಿಗೆ ಟ್ರಿಪ್ಪುಗಳನ್ನು ಬರೆದು ಒಂದೆಡೆ ಕೂಡಿಸಿದರೆ, ಅದು ನೂರು ಮನವಿ ಪತ್ರಗಳಿಗಿಂತ ತೂಕದ ದಾಖಲೆಯಾದೀತು. ವಾಣಿಜ್ಯ ಮಂಡಳಿಗಳು ಮಾಡಬೇಕಾದ ಕೆಲಸವೆಂದರೆ ಇದು.

ಇಷ್ಟಕ್ಕೆಲ್ಲ ತಂತ್ರಾಂಶ ಬೇಕೇ? ಮಾರಾಟಗಾರರು ಬೇಕೇ ಬೇಕು ಎನ್ನುತ್ತಾರೆ. ಯಂತ್ರಕ್ಕೆ ಸಂವೇದಕ ಅಂಟಿಸಿದರೆ ಸಾಕು, ಮೊಬೈಲಿನಲ್ಲಿಯೇ ಎಲ್ಲವೂ ಕಾಣುತ್ತದೆ ಎಂಬ ಭರವಸೆಯೊಂದಿಗೆ ವಾರ್ಷಿಕ ಶುಲ್ಕದ ಕರಪತ್ರಗಳು ಬರುತ್ತವೆ. ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ಟರ್ಬೈನನ್ನೂ ತಂತ್ರಾಂಶವನ್ನೂ ತಾನೇ ತಯಾರಿಸುತ್ತಿದ್ದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು 2015ರಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವನ್ನು ರಚಿಸಿ, ‘ಪ್ರೆಡಿಕ್ಸ್’ ಎಂಬ ವೇದಿಕೆಯನ್ನು ಜಗತ್ತಿನ ಎಲ್ಲ ಕಾರ್ಖಾನೆಗಳಿಗೂ ಮಾರುವ ಮಹತ್ವಾಕಾಂಕ್ಷೆಯನ್ನಿಟ್ಟುಕೊಂಡಿತ್ತು. 2018ರ ಹೊತ್ತಿಗೆ ಆ ಉದ್ಯಮವನ್ನೇ ಪುನರ್ರಚಿಸಬೇಕಾಯಿತು. ಟರ್ಬೈನಿನ ಮಟ್ಟಿಗೆ ಅವರ ನಿಗಾ ವ್ಯವಸ್ಥೆ ಉಪಯುಕ್ತವಾಗಿಯೇ ಉಳಿದಿದೆ. ತಮಗೆ ಚೆನ್ನಾಗಿ ಗೊತ್ತಿರುವ ಯಂತ್ರದ ವಿಷಯದಲ್ಲಿ ಫಲಿಸಿದ್ದು ಎಲ್ಲರ ಎಲ್ಲ ಯಂತ್ರಗಳ ವಿಷಯದಲ್ಲಿ ಅಷ್ಟು ಸುಲಭವಾಗಿ ಫಲಿಸಲಿಲ್ಲ. ಅಂತಹ ಸಂಸ್ಥೆಯೇ ಎಡವಿದ ದಾರಿಯಲ್ಲಿ ನಡೆಯುವ ಗಿರಣಿ ಮಾಲೀಕರು ಕರಪತ್ರವನ್ನು ಎರಡು ಸಲ ಓದುವುದು ಒಳ್ಳೆಯದು.

ತಂತ್ರಾಂಶವು ನಿಜವಾಗಿ ಎಲ್ಲಿ ಗೆಲ್ಲುತ್ತದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ದೊಡ್ಡ ಟರ್ಬೈನಿನ ಹೊಗೆ ಹೊರಬೀಳುವ ಬಾಯಿಯ ಸುತ್ತ ಇಪ್ಪತ್ತಕ್ಕೂ ಹೆಚ್ಚು ಉಷ್ಣಮಾಪಕಗಳಿರುತ್ತವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಉಷ್ಣತೆಯನ್ನು ತೋರಿಸಬೇಕು. ಒಂದು ಮೂಲೆ ಮಾತ್ರ ದಿನದಿಂದ ದಿನಕ್ಕೆ ತಣ್ಣಗಾಗುತ್ತಿದ್ದರೆ ಯಾವುದೋ ದಹನ ಕೋಷ್ಠದ ನಳಿಕೆ ಕಟ್ಟಿಕೊಳ್ಳುತ್ತಿದೆ ಎಂದರ್ಥ. ಪಾಳಿಯಲ್ಲಿ ಕುಳಿತ ಎಂಜಿನಿಯರಿನ ಕಣ್ಣಿಗೆ ಈ ನಿಧಾನದ ವ್ಯತ್ಯಾಸ ಬೀಳದಿರಬಹುದು, ನಿನ್ನೆಗೂ ಇಂದಿಗೂ ವ್ಯತ್ಯಾಸ ಅಲ್ಪ. ತಂತ್ರಾಂಶವು ಆರು ತಿಂಗಳ ಹಿಂದಿನ ಅಂಕಿಯನ್ನು ಮರೆಯುವುದಿಲ್ಲ. ಗಾಳಿ ಶೋಧಕದಲ್ಲಿ ಧೂಳು ತುಂಬಿ ಒತ್ತಡದ ಅಂತರ ಏರುತ್ತಿರುವುದನ್ನೂ ಅದು ಹಾಗೆಯೇ ಹಿಡಿಯುತ್ತದೆ. ಜಿನ್ನಿಂಗ್ ಗಿರಣಿಯ ಮೋಟಾರಿನ ಮೈಮೇಲೆ ಹತ್ತಿಯ ಎಳೆ ಕೂತು, ದಾಲ್ ಮಿಲ್ಲಿನಲ್ಲಿ ಬೇಳೆಯ ಧೂಳು ಕೂತು, ಅದು ತಣಿಯಲಾರದೆ ಬಿಸಿಯೇರುವುದೂ ಇಂತಹ ನಿಧಾನದ ರೋಗವೇ. ವಾರಕ್ಕೊಮ್ಮೆ ಅದರ ಉಷ್ಣತೆಯನ್ನು ಬರೆದಿಟ್ಟರೆ ನಾಲ್ಕನೆಯ ವಾರದಲ್ಲಿ ಕಾಗದವೇ ಮಾತಾಡುತ್ತದೆ.

ಬರೆಯುವವರು ನಿಜ ಬರೆದರೆ ಮಾತ್ರ. ಎಷ್ಟೇ ಬೆಲೆಯ ತಂತ್ರಾಂಶವಿರಲಿ, ಶನಿವಾರ ಸಂಜೆ ಕುಳಿತು ಇಡೀ ವಾರದ ಕೆಲಸಗಳ ಮುಂದೆ ‘ಆಯಿತು’ ಎಂದು ಗುರುತು ಹಾಕಿದರೆ ಅದು ಸುಳ್ಳನ್ನು ಅಚ್ಚುಕಟ್ಟಾಗಿ ಕಾಪಿಟ್ಟುಕೊಳ್ಳುತ್ತದೆ. ಈ ರೋಗಕ್ಕೆ ದೊಡ್ಡ ಕಾರ್ಖಾನೆ, ಸಣ್ಣ ಕಾರ್ಖಾನೆ ಎಂಬ ಭೇದವಿಲ್ಲ. ರೋಕಡ ಕಿರ್ದಿಯಲ್ಲಿ ಸುಳ್ಳು ಬರೆದ ಗುಮಾಸ್ತನು ರಾತ್ರಿಯೇ ಸಿಕ್ಕಿಬೀಳುತ್ತಾನೆ, ಏಕೆಂದರೆ ತಿಜೋರಿಯ ನಗದು ತಾಳೆಯಾಗಬೇಕು. ಯಂತ್ರದ ಕಿರ್ದಿಗೂ ಅಂತಹ ತಾಳೆ ಬೇಕು: ಗ್ರೀಸಿನ ಡಬ್ಬಿಯಲ್ಲಿ ಉಳಿದುದೆಷ್ಟು, ಬದಲಿಸಿದ ಹಳೆಯ ಬೇರಿಂಗು ಎಲ್ಲಿ, ಗಂಟೆ ಮಾಪಕದ ಇಂದಿನ ಅಂಕಿ ಏನು. ಮಾಲೀಕರು ತಿಂಗಳಿಗೊಮ್ಮೆ ಈ ಮೂರನ್ನು ಕೇಳಿದರೂ ಬರವಣಿಗೆ ನೆಟ್ಟಗಾಗುತ್ತದೆ.

ಹೆಸರಿನ ತೊಡಕೂ ಸಣ್ಣದಲ್ಲ. ವಿದ್ಯುತ್ ಸ್ಥಾವರಗಳಲ್ಲಿ ಪ್ರತಿಯೊಂದು ಕವಾಟಕ್ಕೂ ಪಂಪಿಗೂ ಒಂದು ಸಂಕೇತ ಸಂಖ್ಯೆಯಿರುತ್ತದೆ. ಜರ್ಮನಿಯಲ್ಲಿ ಹುಟ್ಟಿದ ‘ಕೆ.ಕೆ.ಎಸ್.’ ಎಂಬ ಸಂಕೇತ ಪದ್ಧತಿ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಇದು ಪಾಂಡಿತ್ಯದ ಪ್ರದರ್ಶನವಲ್ಲ. ಗಿರಣಿಯಲ್ಲಿ ಒಬ್ಬ ಫಿಟ್ಟರನು ‘ಪಟ್ಟಾ ಹರಿಯಿತು’ ಎಂದೂ ಇನ್ನೊಬ್ಬನು ‘ಬೆಲ್ಟ್ ಕಟ್’ ಎಂದೂ ಬರೆದರೆ, ಒಬ್ಬನು ಯಂತ್ರವನ್ನು ‘ದೊಡ್ಡ ಮೋಟಾರು’ ಎಂದೂ ಇನ್ನೊಬ್ಬನು ‘ಬಾಗಿಲ ಕಡೆಯದು’ ಎಂದೂ ಕರೆದರೆ, ಒಂದೇ ಯಂತ್ರವು ಐದು ಸಲ ಕೆಟ್ಟದ್ದು ಐದು ಯಂತ್ರಗಳು ಒಂದೊಂದು ಸಲ ಕೆಟ್ಟಂತೆ ತೋರುತ್ತದೆ. ಬಣ್ಣದ ಡಬ್ಬಿ ತೆಗೆದುಕೊಂಡು ಪ್ರತಿ ಯಂತ್ರದ ಮೇಲೂ ಒಂದು ಸಂಖ್ಯೆ ಬರೆಸುವುದು ಅರ್ಧ ದಿನದ ಕೆಲಸ. ಬರೆಯುವ ಭಾಷೆ ಕನ್ನಡವೇ ಇರಲಿ. ‘ಬೇರಿಂಗ್ ಕೂಗುತ್ತಿದೆ’ ಎಂದು ಫಿಟ್ಟರನು ತನ್ನ ಮಾತಿನಲ್ಲಿಯೇ ಬರೆಯಬೇಕು. ಇಂಗ್ಲಿಷಿನ ಪಟ್ಟಿಯಿಂದ ಒಂದು ಪದವನ್ನು ಆರಿಸಲು ಹೇಳಿದರೆ ಆತನು ಮೊದಲನೆಯದನ್ನೇ ಒತ್ತಿ ಮುಂದಕ್ಕೆ ಹೋಗುತ್ತಾನೆ.

‘ಹಳೆಯ ಮಿಸ್ತ್ರಿಗೆ ಎಲ್ಲವೂ ಗೊತ್ತು, ಬರವಣಿಗೆಯ ಗೊಡವೆ ಏಕೆ’ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಯಂತ್ರದ ಮೈಗೆ ಕಿವಿಗೊಟ್ಟು ರೋಗ ಹೇಳುವ ಹಿರಿಯ ಮಿಸ್ತ್ರಿಗಳ ಜಾಣ್ಮೆಗೆ ಯಾವ ಸಂವೇದಕವೂ ಸುಲಭವಾಗಿ ಸಾಟಿಯಾಗದು. ಆದರೆ ಆ ಮಿಸ್ತ್ರಿಗೆ ವಯಸ್ಸಾಗಿದೆ, ಮಗನು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿದ್ದಾನೆ, ಆತನ ಕೈಕೆಳಗಿನ ಹುಡುಗರು ಎರಡು ಹಂಗಾಮಿಗೊಮ್ಮೆ ಬದಲಾಗುತ್ತಾರೆ. ಆತನು ಕೆಲಸ ಬಿಟ್ಟ ದಿನ ಮೂವತ್ತು ವರ್ಷಗಳ ಲೆಕ್ಕವೂ ಗೇಟಿನಿಂದ ಹೊರಗೆ ಹೋಗುತ್ತದೆ. ಆತನು ಹೇಳಿದ್ದನ್ನು ಓದು ಬಲ್ಲ ಹುಡುಗನೊಬ್ಬನು ಬರೆದುಕೊಳ್ಳಲಿ, ಮಿಸ್ತ್ರಿಯ ಗೌರವವೂ ಉಳಿಯುತ್ತದೆ.

ವರ್ಕ್‌ಶಾಪ್‌ಗಳನ್ನು ನಡೆಸುವವರಿಗೆ ಇದರಲ್ಲಿ ಇನ್ನೂ ನೇರವಾದ ಲಾಭ-ನಷ್ಟವಿದೆ. ಕಡೇಚೂರಿನಲ್ಲಿ ರೈಲ್ವೆಯ ಬೋಗಿ ಕಾರ್ಖಾನೆ ಇದೆ, ಔಷಧ-ರಾಸಾಯನಿಕ ಘಟಕಗಳು ಬಂದಿವೆ, ಅತ್ತ ರಾಯಚೂರಿನಲ್ಲಿ ಎರಡು ಶಾಖೋತ್ಪನ್ನ ಸ್ಥಾವರಗಳಿವೆ. ಇಂತಹ ದೊಡ್ಡ ಗ್ರಾಹಕರ ಖರೀದಿಯು ಹೆಚ್ಚಾಗಿ ಗಣಕಯಂತ್ರದ ಮೂಲಕವೇ ನಡೆಯುತ್ತದೆ. ಅವರು ಶಾಫ್ಟ್ ಒಂದನ್ನು ಮಾಡಿಸಿಕೊಳ್ಳುವಾಗ ನಕ್ಷೆಯ ಸಂಖ್ಯೆ, ಲೋಹದ ಪರೀಕ್ಷಾ ಪತ್ರ, ಅಳತೆ ಸಾಧನದ ತಪಾಸಣೆಯ ದಿನಾಂಕಗಳನ್ನು ಕೇಳುತ್ತಾರೆ. ಯಾದಗಿರಿಯ ಲೇಥಿನವರ ಕೈ ಹೈದರಾಬಾದಿನವರ ಕೈಗಿಂತ ಕೀಳಲ್ಲ, ಕಾಗದ ಇಲ್ಲದ ಕಾರಣಕ್ಕೆ ಕೆಲಸ ಅತ್ತ ಹೋಗುತ್ತದೆ. ತನ್ನ ಸ್ವಂತ ಯಂತ್ರದ ಲೆಕ್ಕವನ್ನೇ ಇಡದ ವರ್ಕ್‌ಶಾಪು ಗ್ರಾಹಕನ ಯಂತ್ರದ ಬಿಡಿಭಾಗಕ್ಕೆ ದಾಖಲೆ ಕೊಡುತ್ತದೆಂದು ಯಾರು ನಂಬಬೇಕು?

ಕೆಲಸವನ್ನು ಕೈಗೆತ್ತಿಕೊಳ್ಳುವ ಕಾಲ ಯಾವುದು ಎಂಬುದನ್ನು ಶಹಾಪುರ ಶಾಖಾ ಕಾಲುವೆಯ ಕಿರು ಘಟಕಗಳು ತೋರಿಸುತ್ತವೆ. ಕಾಲುವೆಯಲ್ಲಿ ನೀರು ನಿಂತಾಗ ಟರ್ಬೈನ್‌ಗೂ ಬಿಡುವು, ಆಗಲೇ ದುರಸ್ತಿಗೆ ಅವಕಾಶ. ಗಿರಣಿಗಳಿಗೆ ಆ ಬಿಡುವು ಏಪ್ರಿಲ್‌ನಿಂದ ಮಳೆಗಾಲದವರೆಗೆ ಇದೆ. ಆ ತಿಂಗಳುಗಳಲ್ಲಿ ಯಂತ್ರಗಳಿಗೆ ಸಂಖ್ಯೆ ಬರೆಸಿ, ಮಾಪಕ ಕೂಡಿಸಿ, ಹತ್ತಿ ಬರುವ ಮೊದಲು ಪುಸ್ತಕವನ್ನು ತೆರೆಯಬಹುದು. ವಾಣಿಜ್ಯ ಮಂಡಳಿಯು ಸದಸ್ಯರಿಗೆಲ್ಲ ಒಂದೇ ನಮೂನೆಯ ಪುಸ್ತಕವನ್ನು ಕನ್ನಡದಲ್ಲಿ ಮುದ್ರಿಸಿ ಕೊಡಲಿ: ದಿನಾಂಕ, ಯಂತ್ರದ ಸಂಖ್ಯೆ, ಮಾಪಕದ ಅಂಕಿ, ಆರಂಭಗಳು, ಟ್ರಿಪ್ ಆದ ವೇಳೆ, ಮಾಡಿದ ಕೆಲಸ, ಮಾಡಿದವನ ಸಹಿ. ಒಂದು ಹಂಗಾಮು ಈ ಪುಸ್ತಕವನ್ನು ತಪ್ಪದೆ ಬರೆದ ಗಿರಣಿಯವರು ಮರುವರ್ಷ ಗಣಕಯಂತ್ರಕ್ಕೆ ಹೋಗಬಹುದು. ಸಾಮಾನ್ಯ ಎಕ್ಸೆಲ್ ಹಾಳೆಯೇ ಅವರಲ್ಲಿ ಬಹುತೇಕರಿಗೆ ಸಾಕಾದೀತು. ಮೊದಲ ಹಂಗಾಮಿನ ಟ್ರಿಪ್ ಪುಟಗಳ ನಕಲನ್ನು ಮಾತ್ರ ಮಾರ್ಚ್ ಮುಗಿಯುವುದರೊಳಗೆ ಮಂಡಳಿಯ ಕಚೇರಿಗೆ ತಲುಪಿಸಬೇಕು, ಮುಂದಿನ ದರ ವಿಚಾರಣೆಗೆ ಅದು ಬೇಕಾಗುತ್ತದೆ.